ಡಿಎಸ್ ಲ್ಯಾಬು ಮತ್ತು ಅಂಗಡಿಯ ಚೀಟಿ ಕಂಬಿ

ಮೂರನೇ ಸೆಮಿಸ್ಟರಿನ ಮೊದಲ ಇಂಟರ್ನಲ್ಸ್‌ನಲ್ಲಿ, ಡೇಟಾ ಸ್ಟ್ರಕ್ಚರ್ಸ್‌ಗೆ (ಡಿಎಸ್, ಕಂಪ್ಯೂಟರಿನಲ್ಲಿ ಮಾಹಿತಿ ಜೋಡಿಸಿಡುವ ಬಗೆಗಳ ವಿಷಯ) ನನಗೆ ಬಂದಿದ್ದು 30ಕ್ಕೆ 8. ಪೇಪರ್ ಕೊಡುವಾಗ ಮೇಡಂ ಏನೂ ಹೇಳಲಿಲ್ಲ. ಬೈದಿದ್ದರೆ ಎಷ್ಟೋ ವಾಸಿ ಇತ್ತು. ಪಕ್ಕದವಳಿಗೆ 27. ಅವಳು ನನ್ನ ಪೇಪರಿನ ಕಡೆ ನೋಡದ ಹಾಗೆ ನಾಟಕ ಮಾಡಿದಳು. ಅದಂತೂ ಇನ್ನೂ ಬೇಜಾರು.

ಅದು 2019. ನಾವು ವಿಟಿಯು, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2018ರ ಸ್ಕೀಮಿಗೆ (ಪಠ್ಯಕ್ರಮಕ್ಕೆ) ಸೇರಿದ ಮೊದಲ ಬ್ಯಾಚು. ಸ್ಕೀಮು ಹೊಸದು, ಆದರೆ ಡಿಎಸ್ ಲ್ಯಾಬಿನ ಪ್ರೋಗ್ರಾಮುಗಳು ಸೀನಿಯರ್‌ಗಳಿಗೆ ಇದ್ದವೇ. ಒಟ್ಟು 12. ಅರೇಯಿಂದ ಶುರುವಾಗಿ ಹ್ಯಾಶಿಂಗ್‌ವರೆಗೆ. ಸೀನಿಯರ್ ಒಬ್ಬರು ತಮ್ಮ ರೆಕಾರ್ಡ್ ಪುಸ್ತಕ ಕೈಗಿಟ್ಟು ಹೇಳಿದ್ದರು, "ಇದನ್ನ ಝೆರಾಕ್ಸ್ ಮಾಡಿಸ್ಕೋ. ಹನ್ನೆರಡೂ ಉರು ಹೊಡಿ. ಲ್ಯಾಬ್ ಪಾಸು. ತಲೆ ಕೆಡಿಸ್ಕೋಬೇಡ."

ಉರು ಹೊಡೆಯೋದರಲ್ಲಿ ನಾನು ಎತ್ತಿದ ಕೈ. ತಿಪಟೂರಿನ ಹತ್ತಿರದ ಹಳ್ಳಿಯಲ್ಲಿ ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಪಿಯುಸಿಗೆ ಬಂದಾಗ ಫಿಸಿಕ್ಸ್, ಕೆಮಿಸ್ಟ್ರಿ ಎಲ್ಲ ಇಂಗ್ಲಿಷಿನಲ್ಲಿ. ಅರ್ಥವಾಗದ ಪ್ಯಾರಾ ಸಿಕ್ಕರೆ ಬಾಯಿಪಾಠ ಮಾಡುವುದು. ಎರಡು ವರ್ಷ ಹಾಗೇ ದಾಟಿದ್ದೆ. ಸಿಇಟಿಯಲ್ಲಿ ರ‍್ಯಾಂಕೂ ಬಂತು, ಕಂಪ್ಯೂಟರ್ ಸೈನ್ಸೂ ಸಿಕ್ಕಿತು. ಹಾಗಾಗಿ ಈ ದಾರಿ ತಪ್ಪು ಅಂತ ನನಗೆ ಯಾರೂ ಹೇಳಿರಲಿಲ್ಲ.

ಏಳನೇ ಪ್ರೋಗ್ರಾಮು ಹೇಳಿತು.

ಏಳನೆಯದು ಸಿಂಗ್ಲಿ ಲಿಂಕ್ಡ್ ಲಿಸ್ಟ್. ವಿದ್ಯಾರ್ಥಿಗಳ ಯುಎಸ್‌ಎನ್ (ವಿಶ್ವವಿದ್ಯಾಲಯ ಕೊಡುವ ನಂಬರು), ಹೆಸರು, ಬ್ರಾಂಚು, ಸೆಮಿಸ್ಟರು, ಫೋನ್ ನಂಬರು ಇವನ್ನೆಲ್ಲ ಒಂದೊಂದು ನೋಡ್‌ನಲ್ಲಿ, ಅಂದರೆ ಒಂದೊಂದು ಡಬ್ಬದಲ್ಲಿಟ್ಟು, ಒಂದರಿಂದ ಇನ್ನೊಂದಕ್ಕೆ ಕೊಂಡಿ ಹಾಕಬೇಕು. ಹೊಸಬರನ್ನು ಸಾಲಿನ ಮುಂದೆ ಸೇರಿಸಬೇಕು. ಇಡೀ ಪ್ರೋಗ್ರಾಮು ಸುಮಾರು ನೂರೈವತ್ತು ಸಾಲು. ಹಾಸ್ಟೆಲಿನ ಮೆಟ್ಟಿಲ ಮೇಲೆ ಕೂತು ಮಗ್ಗಿ ಹೇಳಿದ ಹಾಗೆ ಹೇಳಿಕೊಂಡಿದ್ದೆ. ಲ್ಯಾಬಿನಲ್ಲಿ ಉಬುಂಟು ಸಿಸ್ಟಮಿನ ಮುಂದೆ ಕೂತು ಒಂದೇ ಉಸಿರಿಗೆ ಟೈಪ್ ಮಾಡಿದೆ. ಕೋಡನ್ನು ಓಡಲು ಸಿದ್ಧ ಮಾಡುವ ಜಿಸಿಸಿ ಕಂಪೈಲರ್ ಒಂದೂ ಎರರ್ ಕೊಡಲಿಲ್ಲ. ಮೂವರ ವಿವರ ಹಾಕಿದೆ. ಡಿಸ್‌ಪ್ಲೇ ಅಂತ ಕೊಟ್ಟೆ.

ಮೂರನೆಯವಳ ಹೆಸರು ಬಂತು. ಮತ್ತೆ ಅವಳದೇ. ಮತ್ತೆ ಅವಳದೇ. ಪರದೆ ತುಂಬ ಒಬ್ಬಳದೇ ಯುಎಸ್‌ಎನ್ ಹೊಳೆ ಹರಿದ ಹಾಗೆ ಹರಿಯತೊಡಗಿತು. ಹಿಂದಿನ ಬೆಂಚಿನವರು ಎದ್ದು ನೋಡಿದರು. "ಕಂಟ್ರೋಲ್ ಸಿ ಒತ್ತಮ್ಮಾ, ಕಂಟ್ರೋಲ್ ಸಿ!" ಅಂತ ಲ್ಯಾಬಿನ ಸರ್ ಕೂಗಿದರು.

ತಪ್ಪು ಸಣ್ಣದು. ಕೋಡಿನ ಎರಡು ಸಾಲು ಹಿಂದೆ ಮುಂದೆ ಆಗಿದ್ದವು. ಸಾಲಿನ ಮೊದಲನೆಯವರು ಎಲ್ಲಿದ್ದಾರೆ ಅನ್ನೋದನ್ನು ಫಸ್ಟ್ ಅನ್ನುವ ಪಾಯಿಂಟರ್ ಹಿಡಿದಿಟ್ಟುಕೊಂಡಿರುತ್ತದೆ. ಹೊಸ ನೋಡ್ ಟೆಂಪ್, ಅದರಿಂದ ಮುಂದಿನದಕ್ಕೆ ಹೋಗುವ ಕೊಂಡಿ ನೆಕ್ಸ್ಟ್. ಮೊದಲು ಟೆಂಪ್‌ನ ನೆಕ್ಸ್ಟ್‌ಗೆ ಫಸ್ಟ್ ಕೊಡಬೇಕು, ಆಮೇಲೆ ಫಸ್ಟ್‌ಗೆ ಟೆಂಪ್ ಕೊಡಬೇಕು. ನಾನು ಫಸ್ಟ್‌ಗೆ ಮೊದಲು ಟೆಂಪ್ ಕೊಟ್ಟುಬಿಟ್ಟಿದ್ದೆ. ಆಮೇಲೆ ಟೆಂಪ್‌ನ ನೆಕ್ಸ್ಟ್‌ಗೆ ಫಸ್ಟ್ ಕೊಟ್ಟರೆ ಏನಾಗುತ್ತದೆ? ಫಸ್ಟ್ ಅಂದರೆ ಅಷ್ಟೊತ್ತಿಗೆ ಟೆಂಪೇ. ತನ್ನ ಬಾಲ ತಾನೇ ಕಚ್ಚಿಕೊಂಡ ಹಾವು. ಹಳೇ ಸಾಲು ಪೂರ್ತಿ ಕೈತಪ್ಪಿ ಹೋಯಿತು. ಅದು ಮೆಮೊರಿಯಲ್ಲಿ ಎಲ್ಲೋ ಇದೆ, ಆದರೆ ಅದನ್ನು ಹಿಡಿದುಕೊಂಡವರು ಯಾರೂ ಇಲ್ಲ.

ಇದನ್ನು ಈಗ ಸಲೀಸಾಗಿ ಬರೆಯುತ್ತಿದ್ದೇನೆ. ಅವತ್ತು ಏನೂ ಗೊತ್ತಾಗಲಿಲ್ಲ. ರೆಕಾರ್ಡ್ ನೋಡಿ ಸಾಲು ಬದಲಾಯಿಸಿದೆ, ಸರಿಹೋಯಿತು. ಯಾಕೆ ಸರಿಹೋಯಿತು ಅಂತ ಮೇಡಂ ಕೇಳಿದರು. ನಾನು ಸುಮ್ನೆ ನಿಂತೆ.

"ಕೋಡ್ ಮುಚ್ಚಿಡು. ಡಬ್ಬ ಬರಿ," ಅಂದರು.

ಅಬ್ಸರ್ವೇಶನ್ ಪುಸ್ತಕದಲ್ಲಿ ಮೂರು ಚೌಕ ಬರೆದೆ, ಬಾಣದ ಗುರುತು ಹಾಕಿದೆ. ಹೊಸ ಚೌಕ ಬರೆದೆ. ಈಗ ಬಾಣ ಅಳಿಸಿ ಬೇರೆ ಕಡೆ ಹಾಕಬೇಕು. ರಬ್ಬರು ಹಿಡಿದ ಕೈ ಅಲ್ಲೇ ನಿಂತಿತು. ಫಸ್ಟ್‌ನ ಬಾಣವನ್ನು ಅಳಿಸಿದರೆ ಹಳೇ ಚೌಕಗಳಿಗೆ ಹೋಗೋ ದಾರಿಯೇ ಇಲ್ಲ! ನಮ್ಮೂರಲ್ಲಿ ಬಾವಿಯಿಂದ ನೀರು ಸೇದುವಾಗ ಕೈ ಸೋತರೆ ಹಗ್ಗವನ್ನು ಪಕ್ಕದವರಿಗೆ ಕೊಡುತ್ತಾರೆ. ಅವರು ಹಿಡಿಯೋವರೆಗೆ ಇವರು ಬಿಡಬಾರದು. ಬಿಟ್ಟರೆ ಕೊಡ ಬಾವಿಗೆ. ಅಷ್ಟೇ ಇದು. ನೂರೈವತ್ತು ಸಾಲು ಉರು ಹೊಡೆದವಳಿಗೆ ಈ ಎರಡು ಸಾಲಿನ ವಿಷಯ ಕೊಡ, ಹಗ್ಗ ಅಂತ ಯೋಚನೆ ಮಾಡಿದ ಮೇಲೆ ಹತ್ತಿತು.

ಆ ಪ್ರೋಗ್ರಾಮಿನ ಜೊತೆ ಇನ್ನೊಂದು ಚೇಷ್ಟೆ ಆಯಿತು. ಲ್ಯಾಬಿನಲ್ಲಿ ಸರಿಯಾಗಿ ಓಡಿದ್ದು ಹಾಸ್ಟೆಲಿನಲ್ಲಿ ಗೆಳತಿಯ ವಿಂಡೋಸ್ ಲ್ಯಾಪ್‌ಟಾಪಿನಲ್ಲಿ ತಪ್ಪು ಫೋನ್ ನಂಬರು ತೋರಿಸಿತು. ನಾವು ಕೊಟ್ಟಿದ್ದೇ ಒಂದು, ಅದು ತೋರಿಸಿದ್ದೇ ಇನ್ನೊಂದು. ಅರ್ಧ ರಾತ್ರಿ ಇಬ್ಬರೂ ಜಗಳ ಆಡಿದೆವು. "ನೀನು ಟೈಪ್ ಮಾಡಿದ್ದೇ ತಪ್ಪು ಕಣೇ" ಅಂತ ಅವಳು, "ನಿನ್ನ ಲ್ಯಾಪ್‌ಟಾಪೇ ಸರಿ ಇಲ್ಲ" ಅಂತ ನಾನು. ವಿಷಯ ಏನಂದರೆ, ನಂಬರನ್ನು ಲಾಂಗ್ (ಪೂರ್ಣಾಂಕ ಇಡುವ ಒಂದು ಬಗೆ) ಅಂತ ಡಿಕ್ಲೇರ್ ಮಾಡಿದ್ದೆವು. 64 ಬಿಟ್ ಲಿನಕ್ಸಿನಲ್ಲಿ ಲಾಂಗ್ ಅಂದರೆ 8 ಬೈಟು. ವಿಂಡೋಸಿನಲ್ಲಿ 4 ಬೈಟು. ನಾಲ್ಕು ಬೈಟಿನಲ್ಲಿ ಹಿಡಿಸೋದು 2147483647ರವರೆಗೆ ಮಾತ್ರ. ನಮ್ಮ ಮೊಬೈಲ್ ನಂಬರುಗಳು 9ರಿಂದಲೋ 8ರಿಂದಲೋ ಶುರುವಾಗುವ ಹತ್ತು ಅಂಕಿಯವು. ಲೋಟದಲ್ಲಿ ಬಿಂದಿಗೆ ನೀರು ಹಿಡಿಸಲು ಹೋಗಿದ್ದೆವು. ಹಾಗೆ ನೋಡಿದರೆ ಫೋನ್ ನಂಬರನ್ನು ಯಾರು ತಾನೇ ಕೂಡುತ್ತಾರೆ, ಕಳೆಯುತ್ತಾರೆ? ಅಕ್ಷರಗಳ ಸಾಲಾಗಿ ಇಟ್ಟಿದ್ದರೆ ಗೋಳೇ ಇರಲಿಲ್ಲ.

ಆಮೇಲೆ ದಸರಾ ರಜೆ ಬಂತು. ಊರಿಗೆ ಹೋದೆ.

ನಮ್ಮದು ಸಣ್ಣ ಕಿರಾಣಿ ಅಂಗಡಿ. ಅಪ್ಪ ಕೊಬ್ಬರಿ ವ್ಯವಹಾರಕ್ಕೆ ತಿಪಟೂರಿನ ಎಪಿಎಂಸಿಗೆ ಓಡಾಡುತ್ತಾರೆ, ಅಂಗಡಿ ಅಮ್ಮನದು. ಗಲ್ಲಾ ಪಕ್ಕ ಗೋಡೆಗೆ ಒಂದು ಬಗ್ಗಿಸಿದ ಕಂಬಿ ನೇತಾಡುತ್ತದೆ. ಉದ್ರಿ ಚೀಟಿ, ಏಜೆನ್ಸಿಯವರ ಬಿಲ್ಲು, ಕರೆಂಟ್ ಬಿಲ್ಲು ಎಲ್ಲ ಬಂದ ಹಾಗೆ ಅದಕ್ಕೆ ಚುಚ್ಚುವುದು. ಸಣ್ಣವಳಿದ್ದಾಗಿನಿಂದ ನೋಡಿದ್ದೇನೆ. ಆ ದಿನ ಯಾರೋ ಬಂದು ಮೊನ್ನೆಯ ಚೀಟಿ ತೆಗೆಯಲು ಹೇಳಿದರು. ಅಮ್ಮ ಮೇಲಿನದನ್ನು ಒಂದೊಂದಾಗಿ ಬಿಡಿಸಿ ಗಲ್ಲಾ ಮೇಲಿಟ್ಟು, ಬೇಕಾದ್ದು ಸಿಕ್ಕ ಮೇಲೆ ಉಳಿದದ್ದನ್ನು ಮತ್ತೆ ಚುಚ್ಚುತ್ತಾ ಹೋದರು. ಕೊನೆಗೆ ಚುಚ್ಚಿದ್ದು ಮೊದಲು ಬರುತ್ತದೆ. ನಡುವಿನದು ಬೇಕೆಂದರೆ ಮೇಲಿನದೆಲ್ಲ ಇಳಿಯಬೇಕು. ಸ್ಟ್ಯಾಕ್, ಅದಕ್ಕೆ ಹಾಕೋದು ಪುಶ್, ತೆಗೆಯೋದು ಪಾಪ್ ಅಂತ ಇಂಗ್ಲಿಷಿನಲ್ಲಿ ಮೂರು ಪುಟ ಬರೆದುಕೊಂಡಿದ್ದು ನಮ್ಮ ಗೋಡೆಯ ಮೇಲೇ ನೇತಾಡುತ್ತಿತ್ತು.

ನಿಜವಾಗಿ ತಲೆ ತಿರುಗಿದ್ದು ಅದಾದ ಮೇಲೆ. ಹಬ್ಬಕ್ಕೆ ಮೂರು ಮನೆಯವರು ಒಂದೇ ಥರ ಸಾಮಾನು ಹೇಳಿದ್ದರು. ಒಂದೊಂದು ಮನೆಗೆ ಒಂದು ಸಾಮಾನು 32 ರೂಪಾಯಿ, ಇನ್ನೊಂದು 18. ನಾನು ಫೋನಿನ ಕ್ಯಾಲ್ಕುಲೇಟರಿನಲ್ಲಿ ಮೂವತ್ತೆರಡು ಪ್ಲಸ್ ಹದಿನೆಂಟು ಇಂಟು ಮೂರು ಅಂತ ಒತ್ತಿದೆ. 86 ಅಂತ ಬಂತು.

"ಎಂಬತ್ತಾರಾ? ಇಂಜಿನಿಯರಿಂಗ್ ಓದಿಸಿದ್ದಕ್ಕೆ ಸಾರ್ಥಕ ಆಯ್ತು," ಅಂದರು ಅಮ್ಮ. "ಮೂವತ್ತೆರಡಕ್ಕೆ ಹದಿನೆಂಟು ಸೇರ್ಸು. ಬಂದಿದ್ದನ್ನ ಮೂರರಿಂದ ಗುಣಿಸು. ನೂರೈವತ್ತು."

ಫೋನು ಗುಣಾಕಾರ ಮೊದಲು ಮಾಡುತ್ತದೆ, ಬ್ರಾಕೆಟ್ ಹಾಕಬೇಕಿತ್ತು ಅನ್ನೋದು ನನಗೆ ಗೊತ್ತು. ಆದರೆ ಅಮ್ಮ ಹೇಳಿದ ಮಾತಿನಲ್ಲಿ ಬ್ರಾಕೆಟ್ ಇರಲೇ ಇಲ್ಲವಲ್ಲ? ಒಂದು ಚೀಟಿಯ ಹಿಂದೆ ಅವರು ಹೇಳಿದ ಕ್ರಮದಲ್ಲೇ ಬರೆದೆ. ಮೂವತ್ತೆರಡು, ಹದಿನೆಂಟು, ಕೂಡು, ಮೂರು, ಗುಣಿಸು. ಬರೆದು ನೋಡುತ್ತಾ ಕೂತೆ. ಇದು ಪೋಸ್ಟ್‌ಫಿಕ್ಸ್!

ನಾಲ್ಕನೇ ಪ್ರೋಗ್ರಾಮು ಅದೇ. ನಾವು ಸಾಮಾನ್ಯವಾಗಿ ಬರೆಯುವ ಇನ್‌ಫಿಕ್ಸ್ ಲೆಕ್ಕವನ್ನು ಪೋಸ್ಟ್‌ಫಿಕ್ಸ್‌ಗೆ ಬದಲಾಯಿಸುವುದು. ಐದನೆಯದರಲ್ಲಿ ಆ ಪೋಸ್ಟ್‌ಫಿಕ್ಸ್‌ನ ಬೆಲೆ ಕಂಡುಹಿಡಿಯುವುದು. ಚಿಹ್ನೆಯನ್ನು ಸಂಖ್ಯೆಗಳಾದ ಮೇಲೆ ಕೊನೆಗೆ ಇಡೋದು ಎಂಥಾ ವಿಚಿತ್ರ ಅಂತ ಕ್ಲಾಸಿನಲ್ಲಿ ಎಲ್ಲರಿಗೂ ಅನಿಸಿತ್ತು. ಇಂಗ್ಲಿಷಿನಲ್ಲಿ ಓದಿದರೆ ವಿಚಿತ್ರವೇ. ಅಲ್ಲಿ "ಆ್ಯಡ್" ಅಂತ ಕ್ರಿಯಾಪದ ಮೊದಲು ಬಂದುಬಿಡುತ್ತದೆ, ಅದು ಪ್ರಿಫಿಕ್ಸ್. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ. ಎರಡಕ್ಕೆ ಮೂರು ಕೂಡು. ಹತ್ತರಲ್ಲಿ ನಾಲ್ಕು ಕಳೆ. ಹುಟ್ಟಿದಾಗಿನಿಂದ ನಾವು ಮಾತಾಡ್ತಾ ಇರೋದೇ ಹಾಗೆ. ಯಾನ್ ಲುಕಾಸಿಯೆವಿಚ್ ಅನ್ನುವ ಪೋಲೆಂಡಿನ ತರ್ಕಶಾಸ್ತ್ರಜ್ಞರು 1920ರ ದಶಕದಲ್ಲಿ ಚಿಹ್ನೆಯನ್ನು ಸಂಖ್ಯೆಗಳಿಗಿಂತ ಮೊದಲು ಇಟ್ಟು ಬ್ರಾಕೆಟ್ ಇಲ್ಲದೆ ಬರೆಯುವ ದಾರಿ ಕಂಡುಕೊಂಡರು. ಅದಕ್ಕೇ ಪೋಲಿಶ್ ನೊಟೇಶನ್ ಅಂತ ಹೆಸರು. ಅದನ್ನು ತಿರುಗಿಸಿ ಚಿಹ್ನೆ ಕೊನೆಗೆ ಇಟ್ಟರೆ ರಿವರ್ಸ್ ಪೋಲಿಶ್. ನನ್ನನ್ನು ಕೇಳಿದರೆ ಕನ್ನಡ ನೊಟೇಶನ್ ಅಂತಲೇ ಕರೆಯಬಹುದಿತ್ತು. (ತಮಿಳರೂ ತೆಲುಗರೂ ಜಗಳಕ್ಕೆ ಬರುತ್ತಾರೆ, ಅವರದೂ ಇದೇ ಕ್ರಮ.)

ಆ ಸಂಜೆ ಅಂಗಡಿಯಲ್ಲಿ ಗಿರಾಕಿ ಇಲ್ಲದ ಹೊತ್ತಲ್ಲಿ ಇನ್ನೊಂದು ಕಂಬಿ ತಗೊಂಡು ಆಟ ಶುರು ಮಾಡಿದೆ. ಸಂಖ್ಯೆ ಬಂದರೆ ಚೀಟಿಯಲ್ಲಿ ಬರೆದು ಚುಚ್ಚು. ಚಿಹ್ನೆ ಬಂದರೆ ಮೇಲಿನ ಎರಡು ಚೀಟಿ ತೆಗೆ, ಲೆಕ್ಕ ಮಾಡು, ಉತ್ತರವನ್ನು ಹೊಸ ಚೀಟಿಯಲ್ಲಿ ಬರೆದು ಚುಚ್ಚು. 32 ಚುಚ್ಚಿದೆ, 18 ಚುಚ್ಚಿದೆ. ಕೂಡು ಬಂತು, ಎರಡೂ ತೆಗೆದು 50 ಚುಚ್ಚಿದೆ. 3 ಚುಚ್ಚಿದೆ. ಗುಣಿಸು ಬಂತು. 150. ಕೊನೆಗೆ ಕಂಬಿಯಲ್ಲಿ ಒಂದೇ ಚೀಟಿ ಉಳಿಯಬೇಕು, ಅದೇ ಉತ್ತರ. ಕಳೆಯೋದರಲ್ಲಿ ಒಮ್ಮೆ ಎಡವಿದೆ. 50, 8, ಕಳೆ ಅಂದಾಗ ಮೊದಲು ಕೈಗೆ ಬರೋದು 8. ಅದರಲ್ಲಿ 50 ಕಳೆದು ಮೈನಸ್ 42 ಅಂತ ಬರೆದೆ. ಆಮೇಲೆ ನೆನಪಾಯಿತು, ಮೊದಲು ಕೈಗೆ ಬಂದದ್ದು ಎರಡನೇ ಸಂಖ್ಯೆ. ಈ ತಪ್ಪನ್ನು ನಮ್ಮ ಕ್ಲಾಸಿನ ಅರ್ಧ ಜನ ಲ್ಯಾಬಿನಲ್ಲಿ ಮಾಡಿದರು. ನಾನು ಮಾಡಲಿಲ್ಲ, ಅಂಗಡಿಯಲ್ಲೇ ಮಾಡಿ ಮುಗಿಸಿದ್ದೆ.

"ಏನೇ ಅದು, ಚೀಟಿ ಎಲ್ಲ ಹಾಳು ಮಾಡ್ತಿದೀಯ," ಅಂತ ಅಮ್ಮ ಬೈದರು. "ಓದ್ತಾ ಇದೀನಮ್ಮಾ" ಅಂದೆ. ಅವರು ನಂಬಲಿಲ್ಲ.

ರಜೆ ಮುಗಿಸಿ ಬಂದ ಮೇಲೆ ಒಂದು ಅಭ್ಯಾಸ ಹಿಡಿದುಕೊಂಡೆ. ಯಾವುದೇ ಪ್ರೋಗ್ರಾಮು ಇರಲಿ, ಮೊದಲು ಕನ್ನಡದಲ್ಲಿ ನಾಲ್ಕು ಸಾಲು ಬರೆಯುವುದು, ಡಬ್ಬ ಬರೆಯುವುದು, ಆಮೇಲೆ ಕೋಡು. ಎಲ್ಲದಕ್ಕೂ ಇದು ಒಗ್ಗಲಿಲ್ಲ. ಫಂಕ್ಷನ್ (ಕೋಡಿನ ಒಂದು ತುಣುಕು) ತನ್ನನ್ನೇ ತಾನು ಕರೆದುಕೊಳ್ಳುವ ರಿಕರ್ಶನ್‌ಗೆ ಡಬ್ಬವೂ ಇಲ್ಲ, ಹಗ್ಗವೂ ಇಲ್ಲ. ಅದರ ಉದಾಹರಣೆ ಟವರ್ ಆಫ್ ಹನೊಯ್. ಆ ಆಟವನ್ನು 1883ರಲ್ಲಿ ಫ್ರಾನ್ಸಿನ ಗಣಿತಜ್ಞ ಎಡ್ವಾರ್ ಲೂಕಾ ಹೊರತಂದರು. ಮೂರು ಕಂಬ, ದೊಡ್ಡದರ ಮೇಲೆ ಚಿಕ್ಕದು ಮಾತ್ರ ಇಡಬೇಕಾದ ಬಿಲ್ಲೆಗಳು, ಎಲ್ಲವನ್ನೂ ಒಂದೊಂದಾಗಿ ಇನ್ನೊಂದು ಕಂಬಕ್ಕೆ ಸಾಗಿಸಬೇಕು. ಮೂರು ಬಿಲ್ಲೆಗೆ 7 ನಡೆ ಸಾಕು. 64 ಬಿಲ್ಲೆ ಇದ್ದರೆ, ಸೆಕೆಂಡಿಗೆ ಒಂದರಂತೆ ನಡೆಸಿದರೂ ಸುಮಾರು 58 ಸಾವಿರ ಕೋಟಿ ವರ್ಷ ಬೇಕು. ಅಷ್ಟು ದೊಡ್ಡ ಕೆಲಸವನ್ನು ಆ ಫಂಕ್ಷನ್ ಐದಾರು ಸಾಲಿನಲ್ಲಿ ಹೇಳಿಬಿಡುತ್ತದೆ. ಡಬ್ಬಿ ಮುಚ್ಚಳಗಳನ್ನು ಇಟ್ಟುಕೊಂಡು ಮೂರಕ್ಕೆ, ನಾಲ್ಕಕ್ಕೆ ಆಡಿ ನೋಡಿದೆ. ನಿಜ ಹೇಳಬೇಕೆಂದರೆ ನನಗೆ ಅದು ಅರ್ಥವಾಗಲಿಲ್ಲ, ಒಗ್ಗಿಹೋಯಿತು. ಎರಡೂ ಬೇರೆ ಬೇರೆ.

ಸಂಖ್ಯೆಗಳನ್ನು ಮರದ ಕೊಂಬೆಗಳ ಹಾಗೆ ಕವಲಾಗಿ ಜೋಡಿಸುವ ಬೈನರಿ ಸರ್ಚ್ ಟ್ರೀ ಮಾತ್ರ ಬಲು ಸಲೀಸು. ಕೊಟ್ಟ ಸಂಖ್ಯೆಗಳು 6, 9, 5, 2, 8, 15, 24, 14, 7, 8, 5, 2. ಚಿಕ್ಕದು ಎಡಕ್ಕೆ, ದೊಡ್ಡದು ಬಲಕ್ಕೆ. ಕೊನೆಯ ಮೂರು ಆಗಲೇ ಬಂದಿರುವುದರಿಂದ ನಾವು ಅವನ್ನು ಬಿಟ್ಟುಬಿಡುತ್ತಿದ್ದೆವು, ಒಂಬತ್ತು ಉಳಿಯುತ್ತವೆ. ಇನ್‌ಆರ್ಡರಿನಲ್ಲಿ (ಎಡ, ನಡು, ಬಲ ಅಂತ) ಓದಿದರೆ 2ರಿಂದ 24ರವರೆಗೆ ಏರಿಕೆ ಕ್ರಮದಲ್ಲಿ ತಾನಾಗೇ ಬರುತ್ತವೆ. ಮೊದಲ ಸಲ ಅದು ಸಾಲಾಗಿ ಬಂದಾಗ ಖುಷಿಯಾಗಿ ಪಕ್ಕದವಳ ಕೈ ಚಿವುಟಿದ್ದೆ.

ಹನ್ನೆರಡನೆಯದು ಹ್ಯಾಶಿಂಗ್, ಅಂದರೆ ನಂಬರಿನಿಂದಲೇ ಅದನ್ನಿಡುವ ಜಾಗ ಲೆಕ್ಕ ಹಾಕುವುದು. ಇದಕ್ಕೆ ನನಗೆ ಸಿಕ್ಕಿದ್ದು ತಿಪಟೂರು ಬಸ್ ಸ್ಟ್ಯಾಂಡು. ನೌಕರರ ನಾಲ್ಕು ಅಂಕಿಯ ನಂಬರನ್ನು ಜಾಗಗಳ ಸಂಖ್ಯೆಯಿಂದ ಭಾಗಿಸಿ, ಬಂದ ಶೇಷವೇ ಅವರ ಜಾಗ. ನೂರು ಜಾಗ ಇದ್ದರೆ 1234ಕ್ಕೆ 34ನೇ ಜಾಗ. 5634ಕ್ಕೂ 34. ಆಗ ಏನು ಮಾಡೋದು? ಪಕ್ಕದ್ದು ಖಾಲಿ ಇದೆಯಾ ನೋಡು, 35ರಲ್ಲಿ ಕೂರು. ಲೀನಿಯರ್ ಪ್ರೋಬಿಂಗ್ ಅಂದರೆ ಇಷ್ಟೇ. ಬಸ್ಸಿನಲ್ಲಿ ನಾವು ದಿನಾ ಮಾಡುವುದು.

ಮೇಡಂ ಒಂದು ಪ್ರಶ್ನೆ ಹಾಕಿದರು. "34ರಲ್ಲಿದ್ದವರನ್ನು ತೆಗೆದುಹಾಕಿದರೆ?" ಪ್ರೋಗ್ರಾಮಿನಲ್ಲಿ ತೆಗೆಯುವುದು ಇರಲಿಲ್ಲ, ಅವರು ಬೇಕಂತಲೇ ಕೇಳಿದ್ದು. ಜಾಗ ಖಾಲಿ ಮಾಡಿದರಾಯಿತು ಅಂತ ನಾಲ್ಕೈದು ಜನ ಅಂದರು. ಆಮೇಲೆ 5634 ಅನ್ನು ಹುಡುಕಿ ಅಂದರು. 34ಕ್ಕೆ ಹೋದೆವು. ಖಾಲಿ. ಖಾಲಿ ಅಂದರೆ ಇಲ್ಲ ಅಂತ ತಾನೇ? ವಾಪಸ್ ಬಂದೆವು. ಆದರೆ ಅವರು 35ರಲ್ಲಿ ಆರಾಮಾಗಿ ಕೂತಿದ್ದಾರೆ!

"ಟವೆಲ್ ಹಾಕಬೇಕು ಮೇಡಂ," ಅಂದೆ. ಕ್ಲಾಸು ನಕ್ಕಿತು. ನಾನು ತಮಾಷೆಗೆ ಹೇಳಿರಲಿಲ್ಲ. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಾರಲ್ಲ, ಹಾಗೆ. ಎದ್ದು ಹೋದವರು ಟವೆಲ್ ಬಿಟ್ಟು ಹೋಗಬೇಕು. ಹುಡುಕುವವರು ಟವೆಲ್ ನೋಡಿದರೆ ಇಲ್ಲಿ ಯಾರೋ ಇದ್ದರು, ಮುಂದೆ ನೋಡೋಣ ಅಂತ ಹೋಗುತ್ತಾರೆ. ಹೊಸಬರು ಬಂದರೆ ಟವೆಲ್ ಎತ್ತಿ ಕೂರಬಹುದು. ಅಷ್ಟರ ಮಟ್ಟಿಗೆ ನಮ್ಮ ಬಸ್ಸಿಗಿಂತ ವಾಸಿ, ಅಲ್ಲಿ ಟವೆಲ್ ಎತ್ತಿದರೆ ಜಗಳವೇ. ಮೇಡಂ ಮುಖದಲ್ಲಿ ಆ ಸೆಮಿಸ್ಟರಿನಲ್ಲಿ ಮೊದಲ ಸಲ ನಗು ನೋಡಿದೆ. ಬೋರ್ಡಿನ ಮೇಲೆ "ಟವೆಲ್" ಅಂತ ಬರೆದು, ಪುಸ್ತಕದಲ್ಲಿ ಇದಕ್ಕೆ ಟೂಂಬ್‌ಸ್ಟೋನ್ ಅಂತಾರೆ, ಸಮಾಧಿ ಕಲ್ಲು, ಅಂದರು. ಟವೆಲ್ಲೇ ಚೆನ್ನಾಗಿದೆ.

ಎರಡನೇ ಇಂಟರ್ನಲ್ಸ್ 19. ಮೂರನೆಯದು 24.

ಲ್ಯಾಬ್ ಪರೀಕ್ಷೆ ಡಿಸೆಂಬರಿನಲ್ಲಿ. ಬೇರೆ ಕಾಲೇಜಿನಿಂದ ಎಕ್ಸ್‌ಟರ್ನಲ್ ಸರ್ ಬಂದಿದ್ದರು. ಚೀಟಿ ಎತ್ತಬೇಕು, ಬಂದ ಪ್ರೋಗ್ರಾಮು ಬರೆಯಬೇಕು. ಬರೆಯೋದಕ್ಕೆ 15, ಓಡಿಸೋದಕ್ಕೆ 70, ವೈವಾಕ್ಕೆ 15. ಬಂದದ್ದು ಇಷ್ಟವಾಗದಿದ್ದರೆ ಒಂದು ಸಲ ಬದಲಾಯಿಸಬಹುದು, ಆದರೆ ಬರೆದದ್ದರ 15 ಸೊನ್ನೆಯಾಗುತ್ತದೆ. ಹಿಂದಿನ ರಾತ್ರಿ ಹಾಸ್ಟೆಲಿನಲ್ಲಿ ಎಲ್ಲರೂ ಒಂದೇ ಬೇಡಿಕೊಂಡಿದ್ದೆವು, ಒಂಬತ್ತು ಬರದಿರಲಿ.

ನನಗೆ ಬಂದದ್ದು ಒಂಬತ್ತು.

ಪಾಲಿನೋಮಿಯಲ್. ಎಕ್ಸ್, ವೈ, ಜೆಡ್ ಮೂರೂ ಇರುವ ಐದು ಪದಗಳ ಬಹುಪದವನ್ನು ಹೆಡರ್ ಅನ್ನುವ ಖಾಲಿ ನೋಡ್‌ನಿಂದ ಶುರುವಾಗಿ ಕೊನೆಯದು ಮತ್ತೆ ಅದಕ್ಕೇ ಸೇರುವ ಸರ್ಕ್ಯುಲರ್ ಲಿಸ್ಟಿನಲ್ಲಿಟ್ಟು ಬೆಲೆ ಕಂಡುಹಿಡಿಯಬೇಕು, ಜೊತೆಗೆ ಎರಡು ಬಹುಪದ ಕೂಡಿಸಬೇಕು. ಪಕ್ಕದವಳು "ಚೇಂಜ್ ಕೇಳೇ" ಅಂತ ಕಣ್ಣಲ್ಲೇ ಹೇಳಿದಳು. ಕೇಳೋಣ ಅಂತ ಎದ್ದಿದ್ದೆ ಕೂಡ. 15 ಮಾರ್ಕ್ಸ್ ಆಸೆ ಬಿಡಲಿಲ್ಲ, ಕೂತೆ. ಕೋಡು ಒಂದು ಸಾಲೂ ನೆನಪಾಗಲಿಲ್ಲ. ಉತ್ತರಪತ್ರಿಕೆಯ ಅಂಚಿನಲ್ಲಿ ಡಬ್ಬ ಬರೆಯಲು ಶುರು ಮಾಡಿದೆ. ಹೆಡರಿಂದ ಹೊರಡು, ಪದ ನೋಡು, ಬೆಲೆ ಸೇರಿಸು, ಮುಂದೆ ಹೋಗು, ಹೆಡರ್ ಸಿಕ್ಕರೆ ನಿಲ್ಲು. ಇಷ್ಟು ಸಾಕಾಯಿತು.

ಎಕ್ಸ್‌ಟರ್ನಲ್ ಬಂದು "ಮೂರಕ್ಕೂ ಒಂದು ಒಂದು ಹಾಕು" ಅಂದರು. ಹಾಗೆ ಹಾಕಿದರೆ ಪದಗಳ ಮುಂದಿನ ಸಂಖ್ಯೆಗಳನ್ನು ಸುಮ್ನೆ ಕೂಡಿದ ಹಾಗೆ. 6, ಮೈನಸ್ 4, 3, 2, ಮೈನಸ್ 2. ಒಟ್ಟು 5 ಬರಬೇಕು. ಬಂತು. ಕೂಡಿಸುವ ಭಾಗದಲ್ಲಿ ಒಂದು ಪದ ಎರಡು ಸಲ ಬರುತ್ತಿತ್ತು. ಹೊಂದಿಕೆಯಾದ ಪದಕ್ಕೆ ಗುರುತು ಹಾಕೋದು ಮರೆತಿದ್ದೆ. ಸರಿಮಾಡಲು ಟೈಮ್ ಸಾಲಲಿಲ್ಲ.

"ಹೆಡರ್ ನೋಡ್ ಯಾಕಮ್ಮಾ ಬೇಕು? ಅದರಲ್ಲಿ ಏನೂ ಇಲ್ವಲ್ಲ?"

ಇಂಗ್ಲಿಷಿನಲ್ಲಿ ಎರಡು ಮಾತು ಶುರು ಮಾಡಿ ತಡವರಿಸಿದೆ. "ಕನ್ನಡದಲ್ಲೇ ಹೇಳು ಪರವಾಗಿಲ್ಲ" ಅಂದರು.

"ಗರುಡಗಂಬ ಇದ್ದ ಹಾಗೆ ಸರ್. ಪ್ರದಕ್ಷಿಣೆ ಅಲ್ಲಿಂದ ಶುರು ಮಾಡಿ ಅಲ್ಲಿಗೇ ಬಂದರೆ ಒಂದು ಸುತ್ತು ಮುಗೀತು ಅಂತ ಗೊತ್ತಾಗುತ್ತೆ. ಅದು ಇಲ್ದಿದ್ರೆ ಸುತ್ತುತಾನೇ ಇರ್ತೀವಿ. ಇನ್ನೊಂದು, ಲಿಸ್ಟ್ ಪೂರ್ತಿ ಖಾಲಿ ಇದ್ರೂ ಕಂಬ ಇರುತ್ತೆ, ಅದಕ್ಕೇ ಅಂತ ಬೇರೆ ಕೋಡ್ ಬರೆಯೋದು ಬೇಡ."

ಅವರು ತಲೆ ಎತ್ತದೆ ಏನೋ ಬರೆದುಕೊಂಡರು. ಆಮೇಲೆ ಎರಡರ ಘಾತ ಮೂರು, ಅದರ ಘಾತ ಎರಡು ಅಂತ ಬ್ರಾಕೆಟ್ ಇಲ್ಲದೆ ಸಾಲಾಗಿ ಬರೆದು ಎಷ್ಟು ಅಂದರು. ಎಡದಿಂದ ಮಾಡಿದರೆ 64, ಬಲದಿಂದ ಮಾಡಿದರೆ 512. ಘಾತಕ್ಕೆ ಬಲದಿಂದ ಹೋಗಬೇಕು, 512 ಅಂದೆ. ನಾಲ್ಕನೇ ಪ್ರೋಗ್ರಾಮು ಕೈಬಿಡಲಿಲ್ಲ. "ಸರಿ, ಹೋಗು."

ಲ್ಯಾಬಿನಲ್ಲಿ ಒಳ್ಳೆಯ ಮಾರ್ಕ್ಸೇ ಬಂತು. ಥಿಯರಿ ಪೇಪರು ಎಲ್ಲ ವಿಟಿಯು ಪೇಪರಿನ ಹಾಗೇ, ಐದು ಮಾಡ್ಯೂಲು, ಒಂದೊಂದರಿಂದ ಎರಡರಲ್ಲಿ ಒಂದು ಪ್ರಶ್ನೆ, ಮೂರು ಗಂಟೆ. ಬರೆದು ಬರೆದು ಕೈ ನೋವು ಬಂದಿದ್ದು ಬಿಟ್ಟರೆ ಹೇಳುವಂಥದ್ದೇನಿಲ್ಲ. ಪಾಸಾದೆ.

ಮರುವರ್ಷ ಕೊರೊನಾ. ಜೂನಿಯರ್‌ಗಳಿಗೆ ಕ್ಲಾಸೆಲ್ಲ ಆನ್‌ಲೈನು. ಒಬ್ಬಳು ವಾಟ್ಸಾಪಿನಲ್ಲಿ "ಅಕ್ಕ, ಡಿಎಸ್ ಲ್ಯಾಬ್ ರೆಕಾರ್ಡ್ ಕಳಿಸ್ತೀರಾ ಪ್ಲೀಸ್" ಅಂತ ಕೇಳಿದಳು. ಊರಲ್ಲೇ ಇದ್ದೆ, ಅಂಗಡಿಯಲ್ಲಿ ಕೂತಿದ್ದೆ. ಅಬ್ಸರ್ವೇಶನ್ ಪುಸ್ತಕ ಹುಡುಕಿ, ಡಬ್ಬ, ಬಾಣ, ಬಾವಿ, ಬಸ್ಸು ಎಲ್ಲ ಇರುವ ಇಪ್ಪತ್ಮೂರು ಪುಟಗಳ ಫೋಟೋ ತೆಗೆದು ಜೋಡಿಸಿ ಕಳಿಸಿದೆ. ಒಂದು ಚೀಟಿ ಕಂಬಿಯದೂ ಹಾಕಿದೆ.

ಹತ್ತು ನಿಮಿಷ ಬಿಟ್ಟು ಉತ್ತರ ಬಂತು.

"ಥ್ಯಾಂಕ್ಸ್ ಅಕ್ಕ, ಚಿತ್ರ ತುಂಬ ಚೆನ್ನಾಗಿದೆ. ಕೋಡ್ ಇರೋ ಪುಟ ಕಳಿಸಿ."